ಎದೆಯೊಳಗಿನ ಬೆಳಕು ಅಳೆದ ಕಾಕಾ

ಸೂರ್ಯ ಹುಟ್ಟಿದ ಎಂದರೆ ಲೋಕದ ಮಂದಿಯೆಲ್ಲ ಎರಡು ಮಾತಿಲ್ಲದೆ ಒಪ್ಪಿಕೊಳ್ಳುತ್ತಾರೆ. ನಮ್ಮ ಕಾಕಾ ಒಪ್ಪುವವನಲ್ಲ. "ಹುಟ್ಟ್ಯಾನ, ಖರೆ. ಎಷ್ಟು ಹುಟ್ಟ್ಯಾನ?" ಎಂದು ಕೇಳಿ, ಅಂಗಿಯ ಕಿಸೆಯಿಂದ ಮುಳ್ಳಿನ ಮೀಟರೊಂದನ್ನು ತೆಗೆದು, ಅಂಗಳದ ನಡುವೆ ಹಿಡಿದು, ಮುಳ್ಳು ಎಲ್ಲಿ ನಿಂತಿತು ಎಂದು ನೋಡಿ, ಆಮೇಲೆ ತಲೆಯಾಡಿಸುವ ಆಸಾಮಿ! ಸೂರ್ಯನಿಗೇ ಹೀಗೆ ಪಂಚನಾಮೆ ಮಾಡುವವನು ಕಂದೀಲು, ಬಲ್ಬು, ಟ್ಯೂಬ್‌ಲೈಟುಗಳನ್ನು ಬಿಟ್ಟಾನೆಯೇ?

ಕಾಕಾ ನಮ್ಮಪ್ಪನ ತಮ್ಮ. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಅವನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ಅಫಜಲಪುರದಲ್ಲಿ ಇಂದಿಗೂ ನಾಲ್ಕು ಮಂದಿ "ಓಹೋ, ಆ ಬೆಳಕಿನ ಹುಚ್ಚನೇನು?" ಎಂದು ನಕ್ಕಾರು. ಹೇಳದಿದ್ದರೂ ಗುರುತು ಹಿಡಿದೇ ಹಿಡಿಯುತ್ತಾರೆ, ಆ ಮಾತು ಬೇರೆ. ಮುಂಬೈಯ ದೊಡ್ಡದೊಂದು ಆಸ್ಪತ್ರೆಯಲ್ಲಿ, ಯಂತ್ರಗಳನ್ನು ರಿಪೇರಿ ಮಾಡುವ ಕೋಣೆಯಲ್ಲಿ ಅವನಿಗೆ ನೌಕರಿ. ವರ್ಷಕ್ಕೆ ಎರಡು ಸಲ ರಜೆ ಹಾಕಿ ಊರಿಗೆ ಬರುತ್ತಿದ್ದ. ಬಸ್ಸಿನಿಂದಿಳಿದು ಮನೆಗೆ ಬಂದವರು ಕೈಕಾಲು ತೊಳೆಯುತ್ತಾರೆ, ನೀರು ಕುಡಿಯುತ್ತಾರೆ, ಹಿರಿಯರ ಕಾಲು ಮುಟ್ಟುತ್ತಾರೆ. ಕಾಕಾ ಮೊದಲು ಮೀಟರು ತೆಗೆಯುತ್ತಿದ್ದ. ಅಂಗಳದಲ್ಲಿ ಒಮ್ಮೆ, ಪಡಸಾಲೆಯಲ್ಲಿ ಒಮ್ಮೆ, ದೇವರ ಕೋಣೆಯಲ್ಲಿ ಒಮ್ಮೆ. "ವೈನಿ, ಹೋದ ದೀಪಾವಳಿಗಿಂತ ಪಡಸಾಲ್ಯಾಗ ಬೆಳಕ ಕಮ್ಮಿ ಆಗ್ಯದ್ರಿ" ಎಂದು ನಮ್ಮವ್ವನಿಗೆ ವರದಿ ಒಪ್ಪಿಸುತ್ತಿದ್ದ. ಅವ್ವನಿಗೆ ಅದು ತನ್ನ ಮೇಲಿನ ದೂರಿನ ಹಾಗೆ ಕೇಳಿಸುತ್ತಿತ್ತು. "ನಾನೇನು ಬೆಳಕ ತಿಂದೇನೇನ್ರಿ?" ಎಂದು ರೊಟ್ಟಿ ಬಡಿಯುವ ಸಪ್ಪಳವನ್ನು ಇನ್ನಷ್ಟು ಜೋರು ಮಾಡುತ್ತಿದ್ದಳು.

ಇದು ನೌಕರಿ ಕಲಿಸಿದ ಹುಚ್ಚು ಅಂತೀರಾ? ಅಲ್ಲ! ಎಪ್ಪತ್ತರ ದಶಕದಲ್ಲಿ ಹೆಣ್ಣು ನೋಡಲು ಆಳಂದಕ್ಕೆ ಹೋದಾಗಲೇ ಅವನ ಕಿಸೆಯಲ್ಲಿ ಫೋಟೋ ತೆಗೆಯುವವರು ಇಟ್ಟುಕೊಳ್ಳುವ ಹಳೆಯ ಮೀಟರೊಂದಿತ್ತಂತೆ. ಒಳಮನೆಯಲ್ಲಿ ಜಮಖಾನ ಹಾಸಿ, ಹುಡುಗಿಯನ್ನು ಕೂರಿಸಿ, ಅವಲಕ್ಕಿ ಚಹಾ ಎಲ್ಲ ಮುಗಿದ ಮೇಲೆ ಹುಡುಗಿಯ ತಂದೆ ಕೈಮುಗಿದು ಕೇಳಿದರು.

"ಹುಡುಗಿ ಪಸಂದ್ ಆದಳೇನ್ರಿ?"

ಕಾಕಾ ಮೀಟರನ್ನೊಮ್ಮೆ ನೋಡಿದ, ಹುಡುಗಿಯನ್ನೊಮ್ಮೆ ನೋಡಿದ. "ಇಲ್ಲಿ ಬೆಳಕ ಸಾಲಂಗಿಲ್ರಿ. ಇಷ್ಟರಾಗ ಹೌದೂ ಅನ್ನಾಕ ಬರಂಗಿಲ್ಲ, ಅಲ್ಲಾ ಅನ್ನಾಕೂ ಬರಂಗಿಲ್ಲ" ಎಂದ.

ಜಮಖಾನ, ಹುಡುಗಿ, ಅವಳ ಅಜ್ಜಿ, ಚಹಾದ ಕಪ್ಪುಗಳು, ಎಲ್ಲವೂ ಮೆರವಣಿಗೆಯಲ್ಲಿ ಅಂಗಳಕ್ಕೆ ಬಂದವು. ಕಾಕಾ ಮುಳ್ಳು ನೋಡಿ "ಈಗ ಬರೋಬ್ಬರಿ" ಎಂದು ಒಪ್ಪಿಕೊಂಡ. ಆ ಹುಡುಗಿಯೇ ನಮ್ಮ ಕಾಕು. ಅವಳನ್ನು ಕೇಳಿದರೆ ಕತೆಯ ಇನ್ನೊಂದು ಮಗ್ಗುಲು ಹೇಳುತ್ತಾಳೆ: "ಅಂಗಳಕ್ಕ ಬಂದಾಗ ನಾನೂ ಅವರನ್ನ ಬೆಳಕಿನ್ಯಾಗ ನೋಡ್ದೆ ಬೇ. ಒಳಗ ಕತ್ತಲ್ಯಾಗಿದ್ದಾಗಲೇ ಛಲೋ ಕಾಣತಿದ್ರು!"

ಇಂಥವನಿಗೆ ಬೆಳಕು ಅಳೆಯುವುದನ್ನೇ ನೌಕರಿ ಮಾಡಿಕೊಟ್ಟರೆ ಏನಾಗಬೇಕು? ಆದದ್ದೂ ಅದೇ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವನ ಆಸ್ಪತ್ರೆಯ ಡಾಕ್ಟರೊಬ್ಬರು ಹೊರದೇಶದಲ್ಲಿ ಹೊಸದೊಂದು ಚಿಕಿತ್ಸೆ ಕಲಿತು ಬಂದರು. ಎದೆಗೂಡಿನ ಒಳಗೋಡೆಗೂ ಪುಪ್ಪುಸಕ್ಕೂ ತೆಳ್ಳನೆಯ ಪೊರೆಯಿರುತ್ತದಲ್ಲ, ಆ ಪೊರೆಗೆ ಹತ್ತುವ ಕ್ಯಾನ್ಸರಿಗೆ ಬೆಳಕಿನ ಚಿಕಿತ್ಸೆ! ರೋಗಿಗೆ ಮೊದಲು ನರಕ್ಕೆ ಒಂದು ಔಷಧಿ ಏರಿಸುವುದು. ಎರಡು ದಿನ ಬಿಟ್ಟು ಎದೆ ತೆರೆದು, ಗೆಡ್ಡೆಯನ್ನು ಕೈಲಾದಷ್ಟು ತೆಗೆದು, ಉಳಿದದ್ದರ ಮೇಲೆ ಕೆಂಪು ಬೆಳಕು ಹಾಯಿಸುವುದು. ಔಷಧಿ ಕುಡಿದು ಕೂತ ರೋಗದ ಕಣಗಳು ಆ ಬೆಳಕು ತಾಗಿದರೆ ಸಾಯುತ್ತವೆ. ಬೆಳಕು ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಒಳ್ಳೆಯ ಮಾಂಸವೇ ಸುಡುತ್ತದೆ. ಹಾಗಾದರೆ ಒಳಗೆ ಎಷ್ಟು ಬೆಳಕು ಬಿತ್ತು ಎಂದು ಹೇಳುವವರು ಯಾರು? ಇಡೀ ಆಸ್ಪತ್ರೆಯಲ್ಲಿ ಆ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದವನು ಒಬ್ಬನೇ ಇದ್ದ!

ಅದನ್ನು ನಮಗೆ ತಿಳಿಸಿ ಹೇಳಲು ಕಾಕಾ ಒಂದು ಸಂಜೆ ಕಂದೀಲು ಹಚ್ಚಿಕೊಂಡು ಮನೆಯಲ್ಲೆಲ್ಲ ಓಡಾಡಿದ. ಹೊಗೆ ಹಿಡಿದು ಕರ್ರಗಾದ ಅಡಿಗೆಮನೆಯಲ್ಲಿಟ್ಟು ಅಳೆದ. ಅದೇ ಕಂದೀಲನ್ನು ಹೊಸದಾಗಿ ಸುಣ್ಣ ಬಳಿದ ಪಡಸಾಲೆಯಲ್ಲಿಟ್ಟು ಅಳೆದ. ಪಡಸಾಲೆಯಲ್ಲಿ ಮುಳ್ಳು ಎಷ್ಟೋ ಮೇಲೇರಿತು.

"ಕಂದೀಲ ಅದೇ ಅದ, ಬತ್ತಿ ಅದೇ ಅದ. ಹೆಚ್ಚಿನ ಬೆಳಕ ಎಲ್ಲಿಂದ ಬಂತು ಹೇಳ್ರಿ?" ಎಂದು ಗೆದ್ದವನ ಹಾಗೆ ನಿಂತ. ನಾವು ಮಿಕಿಮಿಕಿ ನೋಡಿದೆವು. "ಗ್ವಾಡಿ ತಿರುಗಿ ಕೊಟ್ಟದ! ದೀಪ ಕೊಟ್ಟಿದ್ದಷ್ಟೇ ಬೆಳಕ ಅಲ್ಲ. ಈ ಗ್ವಾಡಿ ಆ ಗ್ವಾಡಿಗೆ ಕೊಡತದ, ಅದು ಇದಕ್ಕ ಕೊಡತದ. ಮನಷ್ಯಾನ ಎದಿಯೊಳಗೂ ಹಾಂಗೇ. ಹೊರಗ ನಿಂತು ಲೆಕ್ಕಾ ಹಾಕಿದ್ರ ತಪ್ತದ. ಒಳಗ ಹೋಗೇ ಅಳೀಬೇಕು."

ಅಪ್ಪ ಹೊರಸಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ. "ನಮ್ಮ ತಮ್ಮ ಬೆಳಕ ಅಳಿತಾನ. ನಾಳಿ ನೆರಳಿಗೂ ತಕ್ಕಡಿ ತರ್ತಾನ, ನೋಡ್ತಿರ್ರಿ" ಎಂದ. ಹೀಗೆ ಚೇಷ್ಟೆ ಮಾಡಿದರೂ ತಮ್ಮ ಮೀಟರು ಹಿಡಿದಾಗ ಅಪ್ಪ ಮೈಯೆಲ್ಲ ಕಿವಿಯಾಗಿರುತ್ತಿದ್ದ.

ಅದರ ಮುಂದಿನ ಬೇಸಿಗೆಯದು ಕಲ್ಲಂಗಡಿಯ ಪ್ರಕರಣ. ಭೀಮಾನದಿಯ ಮರಳಲ್ಲಿ ಬೆಳೆದ ಕಲ್ಲಂಗಡಿಯೊಂದನ್ನು ಅಪ್ಪ ಘತ್ತರಗಿ ಕಡೆಯಿಂದ ಹೊತ್ತು ತಂದಿದ್ದ. ಇಬ್ಬರು ಸೇರಿ ಎತ್ತುವಂಥದ್ದು! ಮಧ್ಯಾಹ್ನದ ಊಟವಾದ ಮೇಲೆ ಕೊಯ್ಯಬೇಕೆಂದು ನಾವೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಕೂತರೆ, ಹಣ್ಣು ನಾಪತ್ತೆ. ಹುಡುಕಿದರೆ ಹಿಂದಿನ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಕಿಂಡಿಗೆ ಗೋಣಿ ತುರುಕಿ, ಒಳಗೆ ಕಾಕಾ. ಹಣ್ಣಿನ ನೆತ್ತಿ ಕೊಯ್ದು, ತಿರುಳು ತೋಡಿ, ಅವ್ವ ಮೊಸರಿಗೆಂದು ಇಟ್ಟಿದ್ದ ಹಾಲನ್ನು ನೀರಿಗೆ ಬೆರೆಸಿ ಅದರೊಳಗೆ ಸುರಿದಿದ್ದ. ಎದೆ ತೆರೆದಾಗ ಡಾಕ್ಟರು ಹೀಗೇ ಹಾಲಿನ ಬಣ್ಣದ ದ್ರವ ತುಂಬುತ್ತಾರಂತೆ, ಬೆಳಕು ಎಲ್ಲ ಮೂಲೆಗೂ ಹರಡಲಿ ಎಂದು.

ಒಳಗೆ ಸಣ್ಣದೊಂದು ಕೆಂಪು ಬಲ್ಬು ಇಳಿಬಿಟ್ಟ. ಆಮೇಲೆ ತನ್ನ ಪೆಟ್ಟಿಗೆಯಿಂದ ಕೂದಲೆಳೆಯಂಥ ಗಾಜಿನ ದಾರವೊಂದನ್ನು ತೆಗೆದ. ಅದರ ತುದಿಗೆ ಸಜ್ಜೆಕಾಳಿನಷ್ಟು ಬಿಳಿಯ ಗುಂಡು. ಯಾವ ದಿಕ್ಕಿನಿಂದ ಬೆಳಕು ಬಂದರೂ ಆ ಕಾಳು ಹೀರಿಕೊಂಡು ದಾರದ ಗುಂಟ ಮೀಟರಿಗೆ ಕಳಿಸುತ್ತದೆ. ಅದನ್ನು ಹಣ್ಣಿನ ಒಳಗೋಡೆಗೆ ಅಲ್ಲೊಮ್ಮೆ ಇಲ್ಲೊಮ್ಮೆ ಹಚ್ಚುತ್ತ ಅಂಕಿ ಹೇಳತೊಡಗಿದ. ಬರೆದುಕೊಳ್ಳುವ ಕೆಲಸ ನನ್ನದು.

ಬೈಯಲೆಂದು ಬಂದ ಅವ್ವ ಬಾಗಿಲಲ್ಲೇ ನಿಂತಳು. ಕಾಕು ಬಂದಳು, ಅಪ್ಪ ಬಂದ. ಆ ಕತ್ತಲ ಕೋಣೆಯಲ್ಲಿ ಹಣ್ಣಿನ ಒಳಗೆಲ್ಲ ಕೆಂಪು ತುಂಬಿಕೊಂಡು, ಎಲ್ಲಿ ದೀಪ ಎಲ್ಲಿ ತಿರುಳು ಎಂದು ತಿಳಿಯದಂತೆ, ಯಾರೋ ಮುಳುಗುವ ಸೂರ್ಯನನ್ನು ಗಡಿಗೆಯಲ್ಲಿ ಹಿಡಿದಿಟ್ಟ ಹಾಗಿತ್ತು. ನಮ್ಮೆಲ್ಲರ ಮುಖದ ಮೇಲೆ ಆ ಕೆಂಪು ಮೆಲ್ಲಗೆ ಆಡುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ.

ಕೊನೆಗೆ ಅವ್ವ ಎಚ್ಚತ್ತಳು. "ಹಣ್ಣ ತಿನ್ನೂದು ಯಾವಾಗ್ರಿ?"

"ಇದು ಹಣ್ಣಲ್ಲ ವೈನಿ. ಪೇಶಂಟ್" ಎಂದ ಕಾಕಾ, ತಲೆಯೆತ್ತದೆ.

"ಹಾಂಗಾರ ಪೇಶಂಟಿಗೆ ಜರಾ ಉಪ್ಪ ಹಚ್ಚಿ ಎಲ್ಲಾರಿಗೂ ಒಂದೊಂದ ಹೋಳ ಕೊಡು!" ಎಂದ ಅಪ್ಪ.

ನಕ್ಕೂ ನಕ್ಕೂ ಅಪ್ಪನಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದ. ನಕ್ಕದ್ದಕ್ಕೆ ಬಂದ ಕೆಮ್ಮೆಂದು ನಾವೂ ನಗುತ್ತಲೇ ಇದ್ದೆವು.

ಅಪ್ಪ ಹರೆಯದಲ್ಲಿ ಸೊಲ್ಲಾಪುರದ ಗಿರಣಿಯೊಂದರಲ್ಲಿ ದುಡಿದಿದ್ದ. ಉಗಿ ಹರಿಯುವ ಕೊಳವೆಗಳು ಆರದಂತೆ ಅವಕ್ಕೆ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಹಗ್ಗ ಸುತ್ತುವ ಕೆಲಸ. ನೋಡಲು ಹತ್ತಿಯಂತೆ ಬೆಳ್ಳಗೆ, ಹಗುರ. ಹಗ್ಗ ಬಡಿದಾಗ ಎದ್ದ ಧೂಳು ಬೆಳಕಿಂಡಿಯ ಬಿಸಿಲಲ್ಲಿ ಮಿನುಗುತ್ತ ಮೆಲ್ಲಗೆ ಇಳಿಯುತ್ತಿತ್ತಂತೆ. "ಅಗದೀ ಚಂದ ಕಾಣತಿತ್ತು. ಸಂಜೀಕ ಮನಿಗೆ ಬಂದ್ರ ಹಿಟ್ಟಿನ ಗಿರಣ್ಯಾಗಿಂದ ಬಂದಾಂಗ ಇರತಿದ್ದೆ" ಎನ್ನುತ್ತಿದ್ದ. ಆಮೇಲೆ ಊರಿಗೆ ಮರಳಿ ತೊಗರಿ ಹೊಲ ನೋಡಿಕೊಂಡಿದ್ದ. ಆ ಧೂಳು ಇಪ್ಪತ್ತು ಮೂವತ್ತು ವರ್ಷ ಎದೆಯೊಳಗೆ ಸದ್ದಿಲ್ಲದೆ ಕೂತಿರುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಆ ಹೊತ್ತಿಗೆ ನಾನು ಜೇವರ್ಗಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದೆ. ಒಂದು ಶನಿವಾರ ಬಸ್ಸು ಹಿಡಿದು ಊರಿಗೆ ಬಂದರೆ ಅಪ್ಪ ಕಟ್ಟೆಯ ಮೇಲಿಂದ ಒಳಬಾಗಿಲಿಗೆ ನಡೆದು ಬರುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ಗುಲಬರ್ಗಾದ ಡಾಕ್ಟರು ಎಡಗಡೆ ಎದೆಯಿಂದ ನೀರು ತೆಗೆದರು. ಹದಿನೈದು ದಿನಕ್ಕೆ ಮತ್ತೆ ತುಂಬಿತು. ಕಾಕಾ ಬಂದು ಮುಂಬೈಗೆ ಕರೆದುಕೊಂಡು ಹೋದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ರೋಗದ ಹೆಸರು ಹೇಳಿದರು. ಕಾಕಾ ಯಾವ ರೋಗಕ್ಕೆ ಬೆಳಕು ಅಳೆಯುತ್ತಿದ್ದನೋ ಅದೇ ರೋಗ!

ಸದಾ ಅಂಕಿ ಹೇಳುತ್ತಿದ್ದ ಕಾಕಾ ಆ ದಿನ ಕಿಸೆಯಿಂದ ಮೀಟರನ್ನೇ ತೆಗೆಯಲಿಲ್ಲ. ಡಾಕ್ಟರು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದರು: ಇದು ಹೊಸ ಚಿಕಿತ್ಸೆ, ರೋಗ ಪೂರಾ ಹೋಗುತ್ತದೆ ಎಂದು ಮಾತು ಕೊಡಲಾರೆ, ಒಂದಿಷ್ಟು ಕಾಲ ಸಿಗಬಹುದು, ಸಿಗದೆಯೂ ಇರಬಹುದು. ಅವ್ವ ಕಾಕಾನ ಕಡೆ ತಿರುಗಿದಳು.

"ಬೆಳಕಿನಿಂದ ಆರಾಮ ಆಗ್ತದೇನ್ರಿ? ನೀವು ಖರೆ ಹೇಳ್ರಿ."

"ನಂಗೊತ್ತಿಲ್ರಿ ವೈನಿ. ಎಷ್ಟು ಬೆಳಕ ಬಿತ್ತು ಅಂತ ಅಷ್ಟೇ ನಾ ಹೇಳಬಲ್ಲೆ."

"ಅವನ ಕೈಯಾಗ ಮೀಟರ ಇದ್ರ ನಾ ಮಲಗತೇನಿ" ಎಂದ ಅಪ್ಪ. ಅಲ್ಲಿಗೆ ತೀರ್ಮಾನವಾಯಿತು.

ಕಾಕಾ ಮಾತ್ರ ಡಾಕ್ಟರ ಬಳಿ ಹೋಗಿ ಈ ಒಂದು ದಿನ ಬೇರೆ ಯಾರನ್ನಾದರೂ ಕೂರಿಸಿ ಎಂದು ಬೇಡಿಕೊಂಡನಂತೆ. ಆದರೆ ಆ ಸಜ್ಜೆಕಾಳುಗಳ ಹದ ಬಲ್ಲವರು ಬೇರೆ ಯಾರಿದ್ದರು? ನಾಲ್ಕು ಕಾಳು, ನಾಲ್ಕು ಮೀಟರು. ಒಂದೊಂದರ ಸ್ವಭಾವವೂ ಬೇರೆ. ಅವನೇ ಮಾಡಿದವು, ಅವನೇ ಸಾಕಿದವು.

ಆಪರೇಶನ್ನಿನ ಬೆಳಿಗ್ಗೆ ಮೈಮೇಲೆ ಏನೂ ಇರಬಾರದು ಎಂದು ನರ್ಸ್ ಹೇಳಿದಳು. ಅಪ್ಪ ಕೊರಳಲ್ಲಿದ್ದ ಲಿಂಗವನ್ನು ಹಿಡಿದುಕೊಂಡು ಕೂತುಬಿಟ್ಟ. ಹುಟ್ಟಿದಾಗ ಕಟ್ಟಿದ್ದು, ಒಂದು ದಿನವೂ ಬಿಚ್ಚಿದ್ದಲ್ಲ. ಕಾಕಾ ಮುಂದೆ ಬಂದು ತಲೆ ಬಗ್ಗಿಸಿದ. ಅಪ್ಪ ಅದನ್ನು ಬಿಚ್ಚಿ ತಮ್ಮನ ಕೊರಳಿಗೆ ಹಾಕಿದ. ಎರಡು ಲಿಂಗ ಧರಿಸಿ, ಮೇಲೊಂದು ಹಸಿರು ಅಂಗಿ ತೊಟ್ಟು ಕಾಕಾ ಒಳಗೆ ಹೋದ. "ಲೇ ತಮ್ಮಾ, ನನ್ನೂ ಕಲ್ಲಂಗಡಿ ಹಾಂಗ ಕೊರಿತಿರೇನು?" ಎಂದು ಅಪ್ಪ ಗಾಲಿ ಮಂಚದ ಮೇಲಿಂದ ಕೂಗಿ ಕೇಳಿದ. ಕಾಕಾ ತಿರುಗಿ ನೋಡಲಿಲ್ಲ.

ನಾನೂ ಅವ್ವನೂ ಹೊರಗೆ ಬೆಂಚಿನ ಮೇಲೆ ಕೂತೆವು. ಮುಂಬೈಯ ಮಳೆಗಾಲದ ಬೆಳಕು, ಬೆಳಗೋ ಸಂಜೆಯೋ ಗೊತ್ತಾಗದು. ಗೋಡೆ, ನೆಲ, ಓಡಾಡುವ ಮಂದಿ, ಎಲ್ಲವೂ ನೀರೊಳಗಿದ್ದಂತೆ ಕಾಣುತ್ತಿತ್ತು. ಯಾವಾಗಲೋ ಬಾಗಿಲು ತೆರೆದು ಕಾಕಾ ಹೊರಬಂದ. ಅವ್ವ ದಿಗ್ಗನೆ ಎದ್ದಳು.

"ನಾಕೂ ಕಡೆ ಬರೋಬ್ಬರಿ ಬಿತ್ರಿ ವೈನಿ. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಮ್ಮಿಲ್ಲ."

"ಬೆಳಕ ಒಲ್ಯಾಗ ಹಾಕ್ರಿ! ಮನಷ್ಯಾ ಹ್ಯಾಂಗಿದಾನ?"

"ಅದು ಡಾಕ್ಟರ್ ಹೇಳ್ತಾರ್ರಿ. ನಂದು ಬೆಳಕಿನ ಖಾತೆ ಅಷ್ಟೇ" ಎಂದವನೇ ಕಾಕಾ ಅಲ್ಲೇ ಗೋಡೆಗೊರಗಿ ನೆಲಕ್ಕೆ ಕೂತುಬಿಟ್ಟ. ಅವ್ವನಿಗೆ ಸಿಟ್ಟೂ ಬಂತು, ನಗೂ ಬಂತು, ಕಡೆಗೆ ಅಳು ಬಂತು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದು ಅಪ್ಪ ಹುಷಾರಾಗಿದ್ದಾನೆ ಎಂದರು.

ಇಷ್ಟಕ್ಕೇ ಮುಗಿಯಿತೇ? ನಿಜವಾದ ಪಜೀತಿ ಇನ್ನು ಮುಂದಿತ್ತು! ನರಕ್ಕೆ ಏರಿಸಿದ ಆ ಔಷಧಿ ವಾರಗಟ್ಟಲೆ ಚರ್ಮದಲ್ಲಿ ಉಳಿದಿರುತ್ತದೆ. ಅಷ್ಟೂ ದಿನ ರೋಗಿಯ ಮೇಲೆ ಬಿಸಿಲು ಬೀಳಬಾರದು, ಬಿದ್ದರೆ ಮೈ ಸುಟ್ಟು ಬೊಬ್ಬೆಯೇಳುತ್ತದೆ. ಮೂರು ವಾರ ಆಸ್ಪತ್ರೆಯಲ್ಲಿ ಕಳೆಯಿತು. ಉಳಿದ ದಿನಗಳನ್ನು ಮನೆಯಲ್ಲಿ ಕಳೆಯಬೇಕು. ಮನೆ ಎಲ್ಲಿ? ಅಫಜಲಪುರದಲ್ಲಿ! ಬಿಸಿಲು ಇಲ್ಲದ ಜಾಗ ಬೇಕೆಂದರೆ ನಮ್ಮ ಜಿಲ್ಲೆಗೇ ಬರಬೇಕೇ?

ಕಾಕಾ ರಜೆ ಹಾಕಿ ಜೊತೆಗೆ ಬಂದ. ಗುಲಬರ್ಗಾದಲ್ಲಿ ರೈಲಿಳಿದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಕಂಬಳಿಗಳಿಂದ ಮುಚ್ಚಿದ ಜೀಪೊಂದು ತಯಾರಿತ್ತು. ಅಪ್ಪನ ವೇಷ ಕೇಳಬೇಡಿ. ತುಂಬುತೋಳಿನ ಅಂಗಿ, ಕೈಗೆ ಗವುಸು, ಕಪ್ಪು ಕನ್ನಡಕ, ಅಗಲ ಟೊಪ್ಪಿಗೆ, ಅದರ ಮೇಲೆ ಮುಖ ಮುಚ್ಚುವಂತೆ ಕಾವಿಬಣ್ಣದ ಶಾಲು. ಆ ಶಾಲು ಕಾಕುವಿನದು; ಸಿಕ್ಕದ್ದು ಅದೊಂದೇ. ದಾರಿಯ ಊರೊಂದರಲ್ಲಿ ಜೀಪು ಬಿಸಿಯಾಗಿ ನಿಂತಿತು. ನೀರು ಹಾಕುವಷ್ಟರಲ್ಲಿ ಚಹಾದಂಗಡಿಯ ಮಂದಿಯೆಲ್ಲ ಸುತ್ತ ನೆರೆದರು.

"ಒಳಗ ಯಾರಿದಾರ್ರಿ?"

"ಬಿಸಲಿಗೆ ಬರಂಗಿಲ್ರಿ ಅವರು. ವ್ರತ ಅಂತ ತಿಳೀರಿ" ಎಂದ ಡ್ರೈವರ್.

ಅಷ್ಟು ಸಾಕಾಯಿತು! ಯಾರೋ ಮೌನವ್ರತದ ಸ್ವಾಮಿಗಳು ಜಿಡಗಾ ಮಠದ ಕಡೆ ಹೊರಟಿದ್ದಾರೆ ಎಂದು ಸುದ್ದಿ ಹಬ್ಬಿತು. ಮುದುಕಿಯೊಬ್ಬಳು ತೆಂಗಿನಕಾಯಿ ಹಿಡಿದು ಬಂದು ಕಂಬಳಿ ಸರಿಸಿಯೇಬಿಟ್ಟಳು. ಕಾಕಾ ಗಾಬರಿಯಾಗಿ "ಬಿಸಲು! ಬಿಸಲು!" ಎಂದು ಕೊಡೆ ಹಿಡಿದು ಅಡ್ಡ ಬಂದ. ಅಪ್ಪ ಮಾತ್ರ ಎಳ್ಳಷ್ಟೂ ಅಳುಕದೆ ಗವುಸು ಹಾಕಿದ ಬಲಗೈ ಎತ್ತಿ ಆಶೀರ್ವಾದ ಮಾಡಿದ! ಜೀಪು ಹೊರಟ ಮೇಲೆ "ಅಣ್ಣಾ, ಏನಿದು?" ಎಂದು ಕಾಕಾ ಸಿಡುಕಿದರೆ, "ಆಕಿ ನನ್ನ ಆರಾಮ ಬೇಡಿದ್ರೂ ಬೇಡ್ಯಾಳು, ಬ್ಯಾಡ ಅನ್ನಬಾರದು" ಎಂದು ಅಪ್ಪ ತೆಂಗಿನಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡ.

ಮನೆ ಮುಟ್ಟಿದ ಕೂಡಲೇ ಅವ್ವ ಕಿಟಕಿ, ಬಾಗಿಲು, ಬೆಳಕಿಂಡಿ ಎಲ್ಲವನ್ನೂ ಮುಚ್ಚತೊಡಗಿದಳು. ಕಾಕಾ ಅವಳ ಹಿಂದೆಯೇ ಒಂದೊಂದಾಗಿ ತೆರೆಯತೊಡಗಿದ. ಅವಳು ಮುಚ್ಚುವುದು, ಇವನು ತೆರೆಯುವುದು!

"ಪೂರಾ ಕತ್ತಲಿ ಬ್ಯಾಡ್ರಿ ವೈನಿ. ನೆಟ್ಟಗ ಬಿಸಲು ತಾಗಬಾರದು, ಖರೆ. ಆದ್ರ ಮನಿಯೊಳಗಿನ ತಂಪು ಬೆಳಕ ಬೇಕು. ಅದರಾಗೇ ಚರ್ಮದಾಗಿನ ಔಷಧಿ ಸಾವಕಾಶ ಕರಗತದ."

ಅಂದಿನಿಂದ ನಮ್ಮ ಮನೆಯ ನೆಲದ ಮೇಲೆ ಸೀಮೆಸುಣ್ಣದ ಗೆರೆಗಳು ಮೂಡಿದವು. ಎಂಟು ಗಂಟೆಗೆ ಅಪ್ಪ ಈ ಗೆರೆ ದಾಟಬಾರದು, ಹತ್ತಕ್ಕೆ ಆ ಗೆರೆ, ಮಧ್ಯಾಹ್ನಕ್ಕೆ ಇನ್ನೊಂದು. ಕಾಕಾ ತಾಸಿಗೊಮ್ಮೆ ಅಳೆದು ಹೊರಸು ಸರಿಸುತ್ತಿದ್ದ. ಮಾಳಿಗೆಯ ಬೆಳಕಿಂಡಿಯಿಂದ ರೊಟ್ಟಿಯಷ್ಟು ಬಿಸಿಲು ಪಡಸಾಲೆಗೆ ಇಳಿಯುತ್ತಿತ್ತು. ಬೆಳಿಗ್ಗೆ ಪಡುವಣ ಗೋಡೆಯ ಮೇಲೆ ಕಾಣಿಸಿಕೊಂಡು, ಮೆಲ್ಲಗೆ ಇಳಿದು, ನೆಲ ದಾಟಿ, ಸಂಜೆ ಮೂಡಣ ಗೋಡೆ ಹತ್ತಿ ಮಾಯವಾಗುತ್ತಿತ್ತು. ಅಷ್ಟು ವರ್ಷ ಆ ಮನೆಯಲ್ಲಿ ಬೆಳೆದವಳು ನಾನು, ಅದು ನಡೆಯುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಈಗ ಇಡೀ ಮನೆ ಅದನ್ನೇ ಕಾಯುತ್ತಿತ್ತು. ಅದು ಅಪ್ಪನ ಹೊರಸಿನ ಹತ್ತಿರ ಬಂದಾಗ ನಾವು ಮಾತು ನಿಲ್ಲಿಸುತ್ತಿದ್ದೆವು. ಅಪ್ಪ ಕಾಲು ಮಡಚಿಕೊಂಡು "ಬಾರಪಾ, ಅಲ್ಲೇ ಹಾಯಿ. ನಂಗ ಮುಟ್ಟಬ್ಯಾಡ" ಎಂದು ಅದಕ್ಕೆ ಹೇಳುತ್ತಿದ್ದ. ನಮ್ಮ ಆಡಿನ ಮರಿಯೊಂದು ಅದರೊಳಗೇ ಮಲಗಿ, ಅದು ಸರಿದಂತೆ ತಾನೂ ಎದ್ದು ಸರಿದು ಮಲಗುತ್ತಿತ್ತು. ಹಾಗೆ ನೋಡುತ್ತ ನೋಡುತ್ತ ಅಪ್ಪನಿಗೆ ಜೊಂಪು ಹತ್ತುತ್ತಿತ್ತು. ನಮಗೂ. ಆ ದಿನಗಳಲ್ಲಿ ನಾವೆಲ್ಲ ಅರ್ಧ ನಿದ್ದೆಯಲ್ಲೇ ಬದುಕಿದ್ದೆವೋ ಏನೋ. ವಾರದ ನಡುವೆ ಜೇವರ್ಗಿಯ ಶಾಲೆಗೆ ಹೋದರೂ ನನ್ನ ಕಣ್ಣು ಹಂಚಿನ ಸಂದಿಯ ಬಿಸಿಲನ್ನೇ ಹುಡುಕುತ್ತಿತ್ತು.

ಐದು ವಾರವಾದ ಮೇಲೆ ಪರೀಕ್ಷೆಯ ದಿನ ಬಂತು. ಕಾಗದದ ಚೀಲವೊಂದಕ್ಕೆ ಎರಡಿಂಚು ತೂತು ಮಾಡಿ, ಅದರೊಳಗೆ ಅಪ್ಪನ ಕೈ ಹಾಕಿಸಿ, ಆ ಕೈಯನ್ನಷ್ಟೇ ಹತ್ತು ನಿಮಿಷ ಕಿಟಕಿಯ ಹೊರಗೆ ಬಿಸಿಲಿಗೆ ಹಿಡಿಸುವುದು. ಮರುದಿನದೊಳಗೆ ತೂತಿನ ಜಾಗ ಕೆಂಪಾಗದಿದ್ದರೆ ಪಾಸು. ಕಾಕಾ ಗಡಿಯಾರ ಹಿಡಿದು ನಿಂತ. ಬೀದಿಯಲ್ಲಿ ಹೋಗುತ್ತಿದ್ದ ಬಳೆಗಾರ್ತಿಯೊಬ್ಬಳು ಕಿಟಕಿಯಿಂದ ಹೊರಬಂದ ಚೀಲವನ್ನು ನೋಡಿ, ಏನಾದರೂ ಹಾಕಿರೆಂದು ಚಾಚಿದ್ದಾರೆಂದು ತಿಳಿದು, "ಪಾಪ, ಈ ಮನಿಯವರಿಗೆ ಇಂಥಾ ಸ್ಥಿತಿ ಬಂತಾ?" ಎಂದು ತೂತಿನೊಳಗೆ ಒಂದು ಹಿಡಿ ಪುಠಾಣಿ, ಅದೇ ಹುರಿಗಡಲೆ, ಸುರಿದು ಹೋದಳು! ಆ ಸಲ ಕೈ ಕೆಂಪಾಯಿತು. ಫೇಲು. "ಪುಠಾಣಿ ಉಷ್ಣ" ಎಂದ ಅಪ್ಪ. ಕಾಕಾ ನಗಲಿಲ್ಲ. ಇನ್ನೆರಡು ವಾರ ಕಾದು ಮತ್ತೆ ಹಿಡಿಸಿದ. ಮರುದಿನ ಬೆಳಿಗ್ಗೆ ಅಪ್ಪನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದ. ಕೈ ಎಂದಿನಂತೆಯೇ ಇತ್ತು. ರೈತನ ಕೈ, ಕಪ್ಪಗೆ, ಬಿರುಸಾಗಿ.

"ಆಯ್ತು ಅಣ್ಣಾ. ನಡಿ ಹೊರಗ."

ಅದಾದ ಮೇಲೆ ಅಪ್ಪ ಎರಡೂವರೆ ವರ್ಷ ಇದ್ದ. ಹೊಲಕ್ಕೆ ಹೋದ, ತೊಗರಿ ರಾಶಿ ಮಾಡಿಸಿದ, ನನ್ನ ಮದುವೆಯಲ್ಲಿ ಎಲ್ಲರನ್ನೂ ನಗಿಸಿದ. ಆಮೇಲೆ ರೋಗ ಮರಳಿ ಬಂತು. ನಮ್ಮ ಮನೆಯ ಪಡಸಾಲೆಯಲ್ಲೇ, ನಮ್ಮೆಲ್ಲರ ನಡುವೆ, ಒಂದು ಬೆಳಿಗ್ಗೆ ಹೋದ. ಡಾಕ್ಟರು ಮೊದಲೇ ಹೇಳಿದ್ದರು. ಆದ್ದರಿಂದ ಮೋಸವಾಯಿತೆಂದು ನಮಗೆ ಅನ್ನಿಸಲಿಲ್ಲ. ಆದರೆ ನಾನು ಇಲ್ಲಿ ಹೇಳಬೇಕೆಂದಿರುವುದು ಆ ಬೆಳಗನ್ನಲ್ಲ. ಅವನು ಪಾಸಾದ ವಾರ ಅವ್ವನ ಹರಕೆ ತೀರಿಸಲು ನಾವೆಲ್ಲ ಘತ್ತರಗಿಗೆ ಹೋದ ದಿನವನ್ನು.

ಭಾಗ್ಯವಂತಿ ದೇವಿಯ ದರ್ಶನವಾದ ಮೇಲೆ ಅಪ್ಪ ನೇರ ಹೊಳೆಗೆ ಇಳಿದ. ಮೊಣಕಾಲುದ್ದ ನೀರಲ್ಲಿ, ಅಂಗಿ ಬಿಚ್ಚಿ, ಬೆನ್ನಿಗೆ ಬಿಸಿಲು ಕೊಟ್ಟು ನಿಂತ. ಎಡಪಕ್ಕೆಯ ಗುಂಟ ಉದ್ದನೆಯ ಗಾಯದ ಗುರುತು. ನಾನೂ ಕಾಕಾನೂ ಮೆಟ್ಟಿಲ ಮೇಲೆ ಕೂತಿದ್ದೆವು. ಇಷ್ಟು ದಿನ ಕೇಳಬೇಕೆಂದು ಕೇಳದೆ ಬಿಟ್ಟಿದ್ದನ್ನು ನಾನು ಕೇಳಿದೆ.

"ಕಾಕಾ, ಆವತ್ತು ಒಳಗ ಹ್ಯಾಂಗಿತ್ತು?"

ಕಾಕಾ ಮೆಟ್ಟಿಲ ಮೇಲಿನ ಮರಳನ್ನು ಅಂಗೈಯಿಂದ ಸರಿಸಿದ.

"ದೊಡ್ಡ ದೀಪ ಎಲ್ಲಾ ಆರಿಸಿದ್ರು ಯವ್ವಾ. ಕೆಂಪು ಬೆಳಕ ಒಂದೇ. ನಾ ತಲಿ ತಗ್ಗಿಸಿ ನಾಕೂ ಮೀಟರ ನೋಡಿ ಅಂಕಿ ಕೂಗಾಕತ್ತಿದ್ದೆ. ಒಂದು, ಎರಡು, ನಾಕು ಬರೋಬ್ಬರಿ ನಿಂತಿದ್ವು. ಮೂರನೇದರ ಮುಳ್ಳು ನಿಲ್ಲವಲ್ದು. ಸಣ್ಣಗ ಅಳ್ಳಾಡಾಕತ್ತದ. ತಂತಿ ಸಡಲ ಆಗ್ಯದ ಅಂದ್ಕೊಂಡೆ. ಒತ್ತಿ ನೋಡ್ದೆ, ಸಡಲ ಇಲ್ಲ. ಮೀಟರ ತಟ್ಟಿ ನೋಡ್ದೆ. ಮತ್ತೂ ಹಾಂಗೇ. ಆಮ್ಯಾಲ ತಲಿ ಎತ್ತಿ ಒಳಗ ನೋಡ್ದೆ." ಅವನು ನೀರಲ್ಲಿ ನಿಂತ ಅಣ್ಣನ ಬೆನ್ನು ನೋಡಿದ. "ಮೂರನೇ ಕಾಳು ಗುಂಡಿಗಿ ಮಗ್ಗಲಿಗೆ ಹೊಲಿದಿದ್ರು. ಅಣ್ಣನ ಗುಂಡಿಗಿ ಅದನ್ನ ದೂಡತಿತ್ತು. ಒಂದೊಂದು ಬಡತಕ್ಕೂ ಒಂದೊಂದು ಸಲ."

ನಾನು ಅವನ ಹತ್ತಿರ ಸರಿದು ಕೂತೆ.

"ಅಂಕಿ ಹೇಳಾಕ ಬಾಯೇ ಬರಲಿಲ್ಲ. ಡಾಕ್ಟರ್ ಕಾದ್ರು. ಎಲ್ಲಾರೂ ಕಾದ್ರು. ನಮ್ಮವ್ವ ಹೋದಾಗ ನಂಗ ನಾಕು ವರ್ಷ ಯವ್ವಾ. ಅಣ್ಣಗ ಹದಿನಾಕು. ನಾ ಅಳಾಕತ್ತಿದ್ರ ಎತ್ತಿ ಎದಿಮ್ಯಾಲ ಹಾಕ್ಕೊಂಡು ಮಲಗತಿದ್ದ. ನನ್ನ ಕಿವಿ ಅವನ ಎದಿಗೆ ಹತ್ತಿರತಿತ್ತು. ಆ ಸಪ್ಪಳ ಕೇಳಕೋತನೇ ನಿದ್ದಿ ಹೋಗತಿದ್ದೆ. ಅಷ್ಟ ವರ್ಷ ಅದನ್ನ ಬರೇ ಕೇಳಿದ್ದೆ. ಆವತ್ತು ಕಣ್ಣಿಲೆ ನೋಡ್ದೆ."

ಕಾಕಾ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಅಷ್ಟರಲ್ಲಿ ಹೊಳೆಯಿಂದ ಅಪ್ಪ ಕೂಗಿದ.

"ಲೇ ತಮ್ಮಾ, ಅಲ್ಲೇನು ಕುಂತಿ? ಬಾ, ನೀರು ಛಲೋ ಅದಾವ."

ಕಾಕಾ ಎದ್ದ. ಪ್ಯಾಂಟು ಮಡಚುವುದನ್ನೂ ಮರೆತು ಹಾಗೇ ನೀರಿಗೆ ಇಳಿದು ಅಣ್ಣನ ಪಕ್ಕಕ್ಕೆ ಹೋದ. ಅಪ್ಪ ಅವನ ಮುಖ ನೋಡಿದ. ಏನಾಯಿತೆಂದು ಕೇಳಲಿಲ್ಲ. ಬಗ್ಗಿ ಬೊಗಸೆಯಲ್ಲಿ ನೀರು ತುಂಬಿ ಅವನ ತಲೆಯ ಮೇಲೆ ಹೊಯ್ದ. ಇನ್ನೊಂದು ಬೊಗಸೆ ಹೊಯ್ದು ಕಣ್ಣು, ಕೆನ್ನೆ, ಕಿವಿಯ ಹಿಂದೆಲ್ಲ ತಿಕ್ಕಿ ತೊಳೆದ. ತಲೆಯಲ್ಲಿ ಅರ್ಧ ನರೆತ ಕೂದಲಿದ್ದ ನಮ್ಮ ಕಾಕಾ, ಕಣ್ಣು ಮುಚ್ಚಿಕೊಂಡು, ಅಣ್ಣನ ಕೈಗೆ ಮುಖ ಕೊಟ್ಟು ಸುಮ್ಮನೆ ನಿಂತಿದ್ದ.